ಯಾರ ಹಡಗು, ಎಂತ ಬಂತು?

ಗಂಗೊಳ್ಳಿಯಲ್ಲಿ ಅಜ್ಜಿಯ ಮನೆ ಇರುವುದು ಅಳಿವೆಯ ಹತ್ತಿರ. ಜಗಲಿಯಲ್ಲಿ ಕೂತರೆ ಬೋಟುಗಳು ಕಡಲಿನಿಂದ ಹೊಳೆಗೆ ನುಗ್ಗುವುದು ಕಾಣುತ್ತದೆ. ಅಜ್ಜಿಗೆ ಈಗ ಕಣ್ಣು ಮಂಜು. ಆದರೂ ಇಂಜಿನ್ ಸದ್ದು ಕಿವಿಗೆ ಬಿದ್ದ ಕೂಡಲೇ ಎರಡು ಪ್ರಶ್ನೆ ಬಂದೇ ಬರುತ್ತವೆ. "ಯಾರ್ ಬೋಟ್?" ಆಮೇಲೆ, "ಎಂತ ಬಂತ್?" ಮೊದಲನೆಯದಕ್ಕೆ ಯಾರೂ ಉತ್ತರ ಕೊಡದಿದ್ದರೂ ಸುಮ್ಮನಿರುತ್ತಾರೆ. ಎರಡನೆಯದಕ್ಕೆ ಉತ್ತರ ಸಿಗುವ ತನಕ ಬಿಡುವುದಿಲ್ಲ.

ನಾನು ಈಗ ಇರುವುದು ಅಲ್ಲಿಂದ ಬಹಳ ದೂರ. ಕೆನಡಾದ ಪೂರ್ವದ ತುದಿಯಲ್ಲಿ ನ್ಯೂಫೌಂಡ್‌ಲ್ಯಾಂಡ್ ಅಂತ ಒಂದು ದ್ವೀಪ. ಅಲ್ಲಿನ ಸೇಂಟ್ ಜಾನ್ಸ್‌ ಪಟ್ಟಣದಲ್ಲಿ ಕೆಲಸ. ಮೂರು ವರ್ಷವಾಯಿತು. ಇಲ್ಲಿಯೂ ಕಡಲು, ಬೋಟು, ಉಪ್ಪುಮೀನು ಎಲ್ಲ ಇದೆ. ಬಂದ ಹೊಸತರಲ್ಲಿ ಬಂದರಿನ ಪಕ್ಕ ನಿಂತರೂ ಮೀನಿನ ವಾಸನೆ ಮೂಗಿಗೆ ಬರಲಿಲ್ಲ. ಅಷ್ಟು ಚಳಿ. ವಾಸನೆಯೇ ಇಲ್ಲದ ಬಂದರು ಎಂಥ ಬಂದರು ಅಂತ ಅನ್ನಿಸಿತ್ತು.

ಕಳೆದ ಜುಲೈಯಲ್ಲಿ ದ್ವೀಪದ ಉತ್ತರದ ತುದಿಗೆ ಕಾರಿನಲ್ಲಿ ಹೋದೆವು. ಸಾವಿರ ಕಿಲೋಮೀಟರಿಗೂ ಜಾಸ್ತಿ ದಾರಿ. ಸಾವಿರ ವರ್ಷದ ಹಿಂದೆ ವೈಕಿಂಗರು ಬಂದು ಮನೆ ಕಟ್ಟಿದ್ದ ಜಾಗ ಅಲ್ಲಿದೆ, ಅದನ್ನು ನೋಡುವುದಕ್ಕೆ. ನೋಡಿದೆವು. ಮಾರನೆಯ ದಿನ ಜೋರು ಮಳೆ. ಬೇರೆ ಏನೂ ಮಾಡುವ ಹಾಗಿರಲಿಲ್ಲ. ಪಕ್ಕದ ಸೇಂಟ್ ಆಂಟನಿ ಊರಿನಲ್ಲಿ ಒಬ್ಬ ಡಾಕ್ಟರ ಹಳೆಯ ಮನೆ ಮ್ಯೂಸಿಯಂ ಆಗಿದೆ ಅಂದರು. ಸುಮ್ನೆ ಮಳೆ ತಪ್ಪಿಸಿಕೊಳ್ಳಲು ಒಳಗೆ ಹೋದೆವು. ಆವತ್ತಿನಿಂದ ಆ ಡಾಕ್ಟರ ಹಡಗು ತಲೆಯಲ್ಲಿ ಕೂತುಬಿಟ್ಟಿದೆ.

ಡಾಕ್ಟರ ಹೆಸರು ವಿಲ್ಫ್ರೆಡ್ ಗ್ರೆನ್‌ಫೆಲ್. ಇಂಗ್ಲೆಂಡಿನವರು, 1865ರಲ್ಲಿ ಹುಟ್ಟಿದವರು. ಲಂಡನ್ನಿನಲ್ಲಿ ವೈದ್ಯಕೀಯ ಓದುವಾಗ ಒಂದು ರಾತ್ರಿ ದಾರಿಯಲ್ಲಿ ದೊಡ್ಡ ಡೇರೆ ಕಂಡು ಒಳಗೆ ಹೊಕ್ಕರು. ಅಲ್ಲಿ ಅಮೆರಿಕದ ಮೂಡಿ ಎಂಬ ಪ್ರಚಾರಕರ ಸಭೆ ನಡೆಯುತ್ತಿತ್ತು. ಅದೇ ಅವರ ಬದುಕಿನ ದಿಕ್ಕು ಬದಲಿಸಿತಂತೆ. ಆಮೇಲೆ ಅವರು ಸೇರಿದ್ದು ಮೀನುಗಾರರಿಗಾಗಿಯೇ ಇದ್ದ ಒಂದು ಮಿಶನ್.

ಈ ಮಿಶನ್ನಿನ ಕಥೆಯೇ ಬೇರೆ ಮಜಾ. ಆಗ ಇಂಗ್ಲೆಂಡಿನ ಮೀನು ದೋಣಿಗಳು ಉತ್ತರ ಸಮುದ್ರದಲ್ಲಿ ವಾರಗಟ್ಟಲೆ ದಂಡು ಕಟ್ಟಿಕೊಂಡು ಇರುತ್ತಿದ್ದವು. ಹಿಡಿದ ಮೀನನ್ನು ಬೇರೆ ಹಡಗು ಬಂದು ಒಯ್ಯುತ್ತಿತ್ತು. ಕಲಾಸಿಗಳು ಮಾತ್ರ ಅಲ್ಲೇ. ಅವರಿಗಾಗಿ ನಡುಕಡಲಿನಲ್ಲೇ ತೇಲುವ ಹೆಂಡದಂಗಡಿಗಳು ಬರುತ್ತಿದ್ದವು. ಅವುಗಳಿಗೆ 'ಕೋಪರ್' ಅಂತ ಹೆಸರು. ಅಗ್ಗದ ತಂಬಾಕು ತೋರಿಸಿ ಹತ್ತಿರ ಕರೆಯುವುದು, ಬಂದವನಿಗೆ ಹೆಂಡ ಕುಡಿಸುವುದು. ದುಡ್ಡು ಮುಗಿದರೆ ಬಲೆಯನ್ನೇ ಕೊಟ್ಟು ಕುಡಿದವರಿದ್ದರು. 1881ರಲ್ಲಿ ಎಬೆನೆಝರ್ ಮೇದರ್ ಎಂಬವರು ಇದನ್ನು ಕಂಡು ಮಿಶನ್ ಶುರುಮಾಡಿದರು. 1882ರಲ್ಲಿ 'ಎನ್‌ಸೈನ್' ಅನ್ನುವ ಮೊದಲ ಹಡಗು ಹೋಯಿತು. ಹೆಂಡದಂಗಡಿಯನ್ನು ಬರೀ ಉಪದೇಶದಿಂದ ಓಡಿಸುವುದು ಆಗುವ ಮಾತಲ್ಲ ಅಂತ ಅವರಿಗೆ ಬೇಗ ಗೊತ್ತಾಯಿತು. ಅದಕ್ಕೆ ಮಿಶನ್ ಹಡಗುಗಳೇ ತಂಬಾಕು ಮಾರತೊಡಗಿದವು, ಕೋಪರ್‌ಗಿಂತ ಕಡಿಮೆ ಬೆಲೆಗೆ! ಒಂದು ಕೈಯಲ್ಲಿ ಬೈಬಲ್, ಇನ್ನೊಂದು ಕೈಯಲ್ಲಿ ಹೊಗೆಸೊಪ್ಪು. ಮಾರಾಟ ಗೊತ್ತಿದ್ದವರು. ಆ ಹಡಗುಗಳ ಮೂತಿಯ ಒಂದು ಬದಿಯಲ್ಲಿ 'ವಾಕ್ಯವನ್ನು ಸಾರು' ಅಂತ, ಇನ್ನೊಂದು ಬದಿಯಲ್ಲಿ 'ರೋಗಿಗಳನ್ನು ಗುಣಪಡಿಸು' ಅಂತ ಬರೆದಿರುತ್ತಿತ್ತು. ಯಾವ ಬದಿಯಿಂದ ನೋಡುತ್ತೀರಿ ಅನ್ನುವುದರ ಮೇಲೆ ಅದು ಚರ್ಚಿನ ಹಡಗು, ಇಲ್ಲವೇ ಆಸ್ಪತ್ರೆಯ ಹಡಗು.

1892ರಲ್ಲಿ ಮಿಶನ್ನಿನ 'ಆಲ್ಬರ್ಟ್' ಎಂಬ ಹಾಯಿಹಡಗಿನಲ್ಲಿ ಗ್ರೆನ್‌ಫೆಲ್ ಅಟ್ಲಾಂಟಿಕ್ ದಾಟಿ ಈ ಕಡೆ ಬಂದರು. ಬರುವಾಗ ಸೇಂಟ್ ಜಾನ್ಸ್‌ ಪಟ್ಟಣ ಇನ್ನೂ ಹೊಗೆಯಾಡುತ್ತಿತ್ತು. ಜುಲೈ 8ರ ಬೆಂಕಿಯಲ್ಲಿ ಊರಿನ ಹೆಚ್ಚಿನ ಭಾಗ ಸುಟ್ಟುಹೋಗಿತ್ತು. ನಾನು ದಿನಾ ಬಸ್ಸಿಗೆ ಕಾಯುವ ಬೀದಿಯೂ ಅದರಲ್ಲಿ ಸೇರಿದೆ. ಅಲ್ಲಿಂದ ಅವರು ಉತ್ತರಕ್ಕೆ, ಲ್ಯಾಬ್ರಡಾರ್ ಕರಾವಳಿಗೆ ಹೋದರು. ಅದು ದ್ವೀಪವಲ್ಲ, ದೊಡ್ಡ ನೆಲದ ಅಂಚು. ಬಂಡೆ, ಗಾಳಿ, ಸೊಳ್ಳೆ. ಬೇಸಿಗೆ ಮುಗಿದರೆ ಕಡಲೇ ಹೆಪ್ಪುಗಟ್ಟುತ್ತದೆ. ಬೇಸಿಗೆಯಲ್ಲಿ ಸಾವಿರಾರು ಜನ ಕಾಡ್ ಮೀನು ಹಿಡಿಯಲು ಹೆಂಡತಿ ಮಕ್ಕಳ ಸಮೇತ ಅಲ್ಲಿಗೆ ಹೋಗುತ್ತಿದ್ದರು. ವರ್ಷವಿಡೀ ಅಲ್ಲೇ ಇರುವವರೂ ಇದ್ದರು. ಅವರೆಲ್ಲರ ನಡುವೆ ಒಬ್ಬ ಡಾಕ್ಟರೂ ಊರಿಕೊಂಡು ಇರಲಿಲ್ಲ.

ಮೊದಲ ದಿನದ್ದೊಂದು ಸಂಗತಿಯನ್ನು ಗ್ರೆನ್‌ಫೆಲ್ ಮುಂದೆ ಬಹಳ ಸಲ ಹೇಳುತ್ತಿದ್ದರು. ಸಂಜೆಯಾಗಿತ್ತು. ನೋಡಲು ಬಂದವರೆಲ್ಲ ಹೋದರು. ಒಂದು ಸಣ್ಣ, ಹರಕು ದೋಣಿ ಮಾತ್ರ ಅಲ್ಲೇ ತೇಲುತ್ತಿತ್ತು. ಅದರಲ್ಲಿ ಅರೆಬಟ್ಟೆಯ ಒಬ್ಬ ಮನುಷ್ಯ, ಹಡಗನ್ನೇ ನೋಡುತ್ತಾ. ಬಹಳ ಹೊತ್ತಾದ ಮೇಲೆ ಅವನು ಕೇಳಿದನಂತೆ, ನೀವು ನಿಜವಾದ ಡಾಕ್ಟರಾ ಅಂತ. ಹೌದು ಅಂದರು. ನಮ್ಮ ಹತ್ತಿರ ದುಡ್ಡಿಲ್ಲ, ಆದರೆ ದಡದಲ್ಲಿ ಒಬ್ಬನಿಗೆ ತುಂಬಾ ಹುಷಾರಿಲ್ಲ, ಬರುತ್ತೀರಾ ಅಂದ. ಹೋದರೆ ಮಣ್ಣಿನ ಹೆಂಟೆಯ ಗುಡಿಸಲು. ಕಿಟಕಿ ಅಂದರೆ ಒಡೆದ ಗಾಜಿನ ಚೂರು. ಮೂಲೆಯಲ್ಲಿ ಮುದುಡಿಕೊಂಡ ಮಕ್ಕಳು. ಹಲಗೆಯ ಮೇಲೆ ಸಾಯುತ್ತಿದ್ದ ಅಪ್ಪ. ಉಳಿಸಲು ಆಗಲಿಲ್ಲ. ಆ ಒಂದು ಬೇಸಿಗೆಯಲ್ಲಿ ಅವರು 900 ರೋಗಿಗಳನ್ನು ನೋಡಿದರು.

ಅವನು ಕೇಳಿದ್ದು ಡಾಕ್ಟರಾ ಅಂತಲ್ಲ, ನಿಜವಾದ ಡಾಕ್ಟರಾ ಅಂತ. ಅವನು ಹಡಗಿನ ಮೇಲೆ ಬರೆದದ್ದನ್ನು ಓದಿರಲಿಕ್ಕಿಲ್ಲ. ಓದಿದ್ದರೂ ನಂಬಲಿಲ್ಲ. ನಮ್ಮ ಅಜ್ಜಿಯ ಹಾಗೆ, ಒಳಗೆ ಎಂತ ಇದೆ ಅಂತ ಮೊದಲು ಗೊತ್ತಾಗಬೇಕಿತ್ತು.

ಬೇಗನೆ ಒಂದೊಂದೇ ಆಸ್ಪತ್ರೆ ಎದ್ದವು. 1893ರಲ್ಲಿ ಬ್ಯಾಟಲ್ ಹಾರ್ಬರ್, ಮರುವರ್ಷ ಇಂಡಿಯನ್ ಹಾರ್ಬರ್. ಆದರೆ ಆಸ್ಪತ್ರೆ ಒಂದು ಕಡೆ ಇದ್ದರೆ ಸಾಲದು, ರೋಗಿ ಇನ್ನೂರು ಮೈಲಿ ಆಚೆ. ರಸ್ತೆಯೇ ಇಲ್ಲದ ಕರಾವಳಿಯಲ್ಲಿ ಆಸ್ಪತ್ರೆಗೇ ಕಾಲು ಬರಬೇಕು. 1899ರಲ್ಲಿ ಇಂಗ್ಲೆಂಡಿನ ಡಾರ್ಟ್‌ಮೌತ್‌ನಲ್ಲಿ ಈ ಕೆಲಸಕ್ಕೆಂದೇ ಉಕ್ಕಿನ ಒಂದು ಸಣ್ಣ ಹಬೆಹಡಗು ಕಟ್ಟಿಸಿದರು. ಅದೇ 'ಸ್ಟ್ರಾತ್‌ಕೋನಾ'. ಉದ್ದ ಸುಮಾರು 97 ಅಡಿ. ನಮ್ಮ ಮಲ್ಪೆಯ ದೊಡ್ಡ ಬೋಟುಗಳಿಗಿಂತ ಒಂದಿಷ್ಟು ಉದ್ದ, ಅಷ್ಟೇ. ಇಂಜಿನ್ ಜೊತೆಗೆ ಹಾಯಿಯೂ ಇತ್ತು. ಕಲ್ಲಿದ್ದಲು ಮುಗಿದರೆ ದಡಕ್ಕೆ ಹೋಗಿ ಕಟ್ಟಿಗೆ ತುಂಬಿಕೊಳ್ಳುವುದು. ಚುಕ್ಕಾಣಿಯ ಚಕ್ರದ ಸುತ್ತ ಹಿತ್ತಾಳೆಯಲ್ಲಿ, ನನ್ನ ಹಿಂದೆ ಬನ್ನಿರಿ, ನಿಮ್ಮನ್ನು ಮನುಷ್ಯರನ್ನು ಹಿಡಿಯುವ ಬೆಸ್ತರನ್ನಾಗಿ ಮಾಡುವೆನು ಅನ್ನುವ ಬೈಬಲ್ಲಿನ ಮಾತು. ಮೀನುಗಾರರ ನಡುವೆ ಓಡುವ ಹಡಗಿಗೆ ಇದಕ್ಕಿಂತ ಒಪ್ಪುವ ಸಾಲು ಸಿಗುತ್ತಿರಲಿಲ್ಲ.

ದುಡ್ಡು ಕೊಟ್ಟವರು ಲಾರ್ಡ್ ಸ್ಟ್ರಾತ್‌ಕೋನಾ. ಹಡಗಿಗೆ ಅವರದೇ ಹೆಸರು. ಈ ಮನುಷ್ಯ ಚಿಕ್ಕ ವಯಸ್ಸಿನಲ್ಲಿ ಚರ್ಮದ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿಯ ನೌಕರನಾಗಿ ಇದೇ ಲ್ಯಾಬ್ರಡಾರಿನಲ್ಲಿ ಇಪ್ಪತ್ತು ವರ್ಷದ ಹತ್ತಿರ ಇದ್ದವರು. ಆಮೇಲೆ ಕೆನಡಾದ ದೊಡ್ಡ ಶ್ರೀಮಂತರಲ್ಲಿ ಒಬ್ಬರಾದರು. ಆ ಕರಾವಳಿಯಿಂದ ಹೋದ ದುಡ್ಡಿನ ಒಂದು ಚೂರು ಹಡಗಾಗಿ ಅಲ್ಲಿಗೇ ವಾಪಸು ಬಂತು ಅಂತ ನಾನು ಲೆಕ್ಕ ಹಾಕಿಕೊಂಡೆ.

ಈಗ, ಎಂತ ಬಂತು ಆ ಹಡಗಿನಲ್ಲಿ? ಔಷಧಿ, ಹಲ್ಲು ಕೀಳುವ ಇಕ್ಕಳ, ರೋಗಿಗಳಿಗೆ ಮಂಚ. ಹಳೆಬಟ್ಟೆಯ ಮೂಟೆಗಳು. ಪುಸ್ತಕದ ಪೆಟ್ಟಿಗೆಗಳು, ಒಂದು ಊರಿನಲ್ಲಿ ಬಿಟ್ಟು ಮುಂದಿನ ಸಲ ಬದಲಾಯಿಸುವುದು. ಭಾನುವಾರ ಪ್ರಾರ್ಥನೆ. ಇದರ ಮೇಲೆ ಗ್ರೆನ್‌ಫೆಲ್ ಆ ಕಡೆಯ ಮ್ಯಾಜಿಸ್ಟ್ರೇಟೂ ಆಗಿದ್ದರು. ಹಾಗಾಗಿ ಕೋರ್ಟೂ ಹಡಗಿನಲ್ಲೇ ಬಂತು. ಬೆಳಿಗ್ಗೆ ಹುಣ್ಣು ಕೊಯ್ದು, ಮಧ್ಯಾಹ್ನ ಜಗಳ ತೀರ್ಮಾನಿಸಿ, ಸಂಜೆ ಕೀರ್ತನೆ ಹಾಡಿಸುವ ಒಬ್ಬನೇ ಮನುಷ್ಯ. ಹಡಗು ನಡೆಸುವುದರಲ್ಲಿ ಮಾತ್ರ ಸ್ವಲ್ಪ ಹುಚ್ಚುಧೈರ್ಯ. ಸರಿಯಾದ ನಕ್ಷೆಯೇ ಇಲ್ಲದ ಕಡಲಿನಲ್ಲಿ ಬಂಡೆಗೆ ತಾಗಿಸಿದ್ದು ಒಂದೆರಡು ಸಲವಲ್ಲ. ನಮ್ಮ ಕಡೆಯ ಬೋಟು ನಡೆಸುವ ತಾಂಡೇಲರ ಕೈಗೆ ಸಿಕ್ಕಿದ್ದರೆ ಚೆನ್ನಾಗಿ ಬೈಸಿಕೊಳ್ಳುತ್ತಿದ್ದರು.

ಮತಾಂತರದ ಮಾತು ಮನಸ್ಸಿಗೆ ಬರುತ್ತದೆ, ಅಲ್ವಾ? ನನಗೂ ಬಂತು. ಆದರೆ ಇವರು ನೋಡಿಕೊಂಡ ಜನ ಆಗಲೇ ಕ್ರೈಸ್ತರು. ಒಬ್ಬ ಆಂಗ್ಲಿಕನ್, ಒಬ್ಬ ಮೆಥಡಿಸ್ಟ್, ಇನ್ನೊಬ್ಬ ಕ್ಯಾಥೊಲಿಕ್. ಗ್ರೆನ್‌ಫೆಲ್ ಯಾವ ಪಂಗಡಕ್ಕೂ ಸೇರಿಸಲು ಹೋಗಲಿಲ್ಲ. ಅದರಿಂದಲೇ ಕೆಲವು ಚರ್ಚುಗಳಿಗೆ ಅವರ ಮೇಲೆ ಸಿಟ್ಟು. ನಮ್ಮೂರ ಕಡೆ 'ಮಿಶನ್' ಅಂದರೆ ನನ್ನ ಅಮ್ಮನಿಗೆ ಮೊದಲು ನೆನಪಾಗುವುದು ಉಡುಪಿಯ ಮಿಶನ್ ಆಸ್ಪತ್ರೆ. 1923ರಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಈವಾ ಲೊಂಬಾರ್ಡ್ ಶುರುಮಾಡಿದ್ದು. ನಾನು ಹುಟ್ಟಿದ್ದು ಅಲ್ಲೇ. ಅಲ್ಲಿ ಯಾರು ಏನು ಪ್ರಾರ್ಥನೆ ಮಾಡುತ್ತಾರೆ ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಿದ್ದು ನೆನಪಿಲ್ಲ. ಹೆರಿಗೆ ಸುಸೂತ್ರ ಆಯಿತಾ ಅಂತ ಮಾತ್ರ ಕೇಳಿದ್ದು.

ಮ್ಯೂಸಿಯಂನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಔಷಧಿಯಲ್ಲ, ಸಾಲದ ಕಥೆ. ಆಗ ಅಲ್ಲಿನ ಮೀನುಗಾರ ದುಡ್ಡಿನ ಮುಖವನ್ನೇ ನೋಡುತ್ತಿರಲಿಲ್ಲ. ಸುಗ್ಗಿಯ ಮೊದಲು ವ್ಯಾಪಾರಿ ಹಿಟ್ಟು, ಕಾಕಂಬಿ, ಚಹಾ, ಉಪ್ಪು, ಬಲೆ ಕೊಡುವುದು. ಬೆಲೆ ಅವನೇ ಬರೆದುಕೊಳ್ಳುವುದು. ಸುಗ್ಗಿ ಮುಗಿದ ಮೇಲೆ ಮೀನು ಅವನಿಗೇ ಕೊಡಬೇಕು. ಮೀನಿನ ಬೆಲೆಯೂ ಅವನದೇ. ಲೆಕ್ಕ ಎಂದೂ ತೀರುವುದಿಲ್ಲ. ನಮ್ಮಲ್ಲಿ ಇದಕ್ಕೆ ಮುಂಗಡ ಅನ್ನುತ್ತಾರೆ. ನನ್ನ ಅಜ್ಜ ಒಂದು ಮಳೆಗಾಲದಲ್ಲಿ ತಂದ ಮುಂಗಡವನ್ನು ನನ್ನ ಮಾವ ಎರಡು ವರ್ಷ ಬೇರೆಯವರ ಬೋಟಿನಲ್ಲಿ ದುಡಿದು ತೀರಿಸಿದರು. ಆ ಲೆಕ್ಕದ ಪುಸ್ತಕವನ್ನು ಅವರು ಕಣ್ಣಿನಿಂದ ನೋಡಿದ್ದೇ ಇಲ್ಲ.

ಗ್ರೆನ್‌ಫೆಲ್‌ಗೆ ಗೊತ್ತಾಯಿತು, ಕ್ಷಯಕ್ಕೂ, ಸತ್ವವಿಲ್ಲದ ಊಟದಿಂದ ಬರುವ ಬೆರಿಬೆರಿಗೂ ತನ್ನ ಹತ್ತಿರ ಇರುವ ಔಷಧಿ ಸಾಲುವುದಿಲ್ಲ, ಕಾಯಿಲೆ ಇರುವುದು ಅಂಗಡಿಯ ಲೆಕ್ಕದಲ್ಲಿ ಅಂತ. ಬಿಳಿ ಹಿಟ್ಟು, ಕಾಕಂಬಿ, ಚಹಾ ಇಷ್ಟರಲ್ಲೇ ಚಳಿಗಾಲ ಕಳೆದರೆ ಕಾಲು ನಿಲ್ಲುತ್ತದಾ? 1896ರಲ್ಲಿ ರೆಡ್ ಬೇ ಊರಿನಲ್ಲಿ ಜನರೇ ಸೇರಿ ಸಹಕಾರಿ ಅಂಗಡಿ ತೆರೆಯುವ ಹಾಗೆ ಮಾಡಿದರು. ವ್ಯಾಪಾರಿಗಳಿಗೆ ಇದು ಸಹಿಸುವ ಮಾತಾ? ಹಡಗು ಪ್ರಾರ್ಥನೆ ತರಲಿ, ಔಷಧಿ ತರಲಿ, ಸಹಕಾರಿ ಸಂಘ ಯಾಕೆ ತರಬೇಕು ಅನ್ನುವ ದನಿ. ದೂರಿನ ಮೇಲೆ ದೂರು ಹೋಗಿ 1917ರಲ್ಲಿ ಸರ್ಕಾರ ವಿಚಾರಣೆಯನ್ನೇ ನಡೆಸಿತು. ಅದರಲ್ಲಿ ಗ್ರೆನ್‌ಫೆಲ್ ತಪ್ಪಿಲ್ಲ ಅಂತಾಯಿತು.

ಆದರೆ ಅವರ ಮೇಲಿನ ಸಿಟ್ಟು ಪೂರ್ತಿ ವ್ಯಾಪಾರಿಗಳದ್ದೇ ಅಂತ ಹೇಳಲಾರೆ. ಚಳಿಗಾಲದಲ್ಲಿ ಗ್ರೆನ್‌ಫೆಲ್ ಅಮೆರಿಕ, ಇಂಗ್ಲೆಂಡ್ ಸುತ್ತುತ್ತಾ ಭಾಷಣ ಮಾಡಿ ಚಂದಾ ಎತ್ತುತ್ತಿದ್ದರು. ಗಾಜಿನ ಚಿತ್ರಗಳನ್ನು ಪರದೆಯ ಮೇಲೆ ತೋರಿಸುವುದು. ಹರಕು ಬಟ್ಟೆ, ಹಸಿದ ಮಗು. ಮಾತು ಬಹಳ ಚೆನ್ನಾಗಿತ್ತಂತೆ. ತಮ್ಮ ಊರನ್ನು ಹೀಗೆ ಊರೂರು ತೋರಿಸುವುದು ಇಲ್ಲಿನವರಿಗೆ ಅವಮಾನ ಅನ್ನಿಸಿತು. ನನಗೆ ಇದು ಅರ್ಥವಾಗುತ್ತದೆ. ನಮ್ಮ ಕೇರಿಗೆ ಕ್ಯಾಮೆರಾ ಹಿಡಿದು ಬಂದವರು ಯಾವತ್ತೂ ಅಜ್ಜಿಯ ಹೊಸ ಅಡುಗೆಮನೆಯ ಫೋಟೋ ತೆಗೆಯಲಿಲ್ಲ. ಹಿತ್ತಲಿನ ಮುರುಕು ದೋಣಿಯದ್ದೇ ಬೇಕು ಅವರಿಗೆ.

ಗ್ರೆನ್‌ಫೆಲ್ ಬಗ್ಗೆ ಎಲ್ಲರೂ ಹೇಳುವ ಕಥೆ ನಾಯಿಗಳದ್ದು. 1908ರ ಏಪ್ರಿಲ್. ಹಡಗು ಓಡದ ಕಾಲ. ದೂರದ ಒಬ್ಬ ಹುಡುಗನ ಕಾಲು ನೋಡಲು ನಾಯಿಗಳು ಎಳೆಯುವ ಜಾರುಬಂಡಿ, ಸ್ಲೆಡ್ಜ್, ಕಟ್ಟಿಕೊಂಡು ಹೊರಟರು. ಬೇಗ ಆಗಲಿ ಅಂತ ಹೆಪ್ಪುಗಟ್ಟಿದ ಕೊಲ್ಲಿಯನ್ನೇ ಅಡ್ಡ ದಾಟಿದರು. ಮಂಜುಗಡ್ಡೆ ಒಡೆಯಿತು. ನೀರಿಗೆ ಬಿದ್ದು, ಹೇಗೋ ಒಂದು ತುಂಡಿನ ಮೇಲೆ ಹತ್ತಿದರು. ಗಾಳಿ ಅದನ್ನು ಹೊರಗಡಲಿಗೆ ಎಳೆಯುತ್ತಿತ್ತು. ಬಟ್ಟೆ ಒದ್ದೆ. ರಾತ್ರಿ ಬರುತ್ತಿತ್ತು. ಮೂರು ನಾಯಿಗಳನ್ನು ಕೊಂದು ಅವುಗಳ ಚರ್ಮ ಹೊದ್ದು ಉಳಿದವುಗಳ ಜೊತೆ ರಾತ್ರಿ ಕಳೆದರು. ಬೆಳಿಗ್ಗೆ ಆ ನಾಯಿಗಳ ಕಾಲೆಲುಬುಗಳನ್ನು ಕಟ್ಟಿ ಕೋಲು ಮಾಡಿ, ಅಂಗಿಯನ್ನು ಬಾವುಟ ಮಾಡಿ ಬೀಸಿದರು. ಹಿಂದಿನ ಸಂಜೆಯೇ ದಡದಿಂದ ಯಾರೋ ಕಂಡಿದ್ದರು. ಊರಿನ ಗಂಡಸರು ಮಂಜುಗಡ್ಡೆಗಳ ನಡುವೆ ದೋಣಿ ಹಾಕಿ ಕರೆತಂದರು. ಮ್ಯೂಸಿಯಂನಲ್ಲಿ ಒಂದು ಕಂಚಿನ ಫಲಕವಿದೆ. ಮೂಡಿ, ವಾಚ್, ಸ್ಪೈ. ಮೂರು ನಾಯಿಗಳ ಹೆಸರು. ಮಂಜಿನ ಮೇಲೆ ನನಗಾಗಿ ಪ್ರಾಣ ಕೊಟ್ಟವು ಅಂತ. ಮೂಡಿ ಅಂದರೆ ಡೇರೆಯ ಆ ಪ್ರಚಾರಕರ ಹೆಸರೇ. ಅವು ಕೊಟ್ಟವಾ, ಇವರು ತೆಗೆದುಕೊಂಡರಾ ಅಂತ ನನ್ನ ಗಂಡ ಮೆಲ್ಲನೆ ಕೇಳಿದ. ನಾನು ಶ್ ಅಂದೆ.

ಇಷ್ಟಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಸೇಂಟ್ ಜಾನ್ಸ್‌ಗೆ ವಾಪಸು ಬಂದ ಮೇಲೆ ಅದೇ ಕರಾವಳಿಯ ಇನ್ನೊಂದು ಮಿಶನ್ ಹಡಗಿನ ಬಗ್ಗೆ ಓದಿದೆ.

ಗ್ರೆನ್‌ಫೆಲ್ ಬರುವುದಕ್ಕೆ ನೂರು ವರ್ಷಕ್ಕೂ ಮೊದಲೇ, 1771ರಲ್ಲಿ, ಮೊರಾವಿಯನ್ ಎಂಬ ಕ್ರೈಸ್ತ ಪಂಗಡದವರು ಲ್ಯಾಬ್ರಡಾರಿನ ಉತ್ತರದಲ್ಲಿ ನೇನ್ ಎಂಬಲ್ಲಿ ನೆಲೆ ಮಾಡಿದ್ದರು. ಅಲ್ಲಿ ಮೂಲನಿವಾಸಿಗಳಾದ ಇನುಯಿಟ್ ಜನರ ಊರುಗಳು. ಇವರು ಮತಾಂತರಕ್ಕೆಂದೇ ಬಂದವರು. ಶಾಲೆ ಕಟ್ಟಿದರು, ಇನುಯಿಟ್ ಭಾಷೆಯಲ್ಲಿ ಬೈಬಲ್ ತಂದರು, ಅಂಗಡಿ ಇಟ್ಟರು. ವರ್ಷಕ್ಕೊಮ್ಮೆ ಇವರ ಹಡಗು ಲಂಡನ್ನಿನಿಂದ ಬರುತ್ತಿತ್ತು. 1787ರಿಂದ ಆ ಕೆಲಸಕ್ಕೆ ಬಂದ ಹಡಗುಗಳಲ್ಲಿ ಹೆಚ್ಚಿನವುಗಳ ಹೆಸರು 'ಹಾರ್ಮೊನಿ'. ಒಂದು ಹಳೆಯದಾದರೆ ಇನ್ನೊಂದು, ಹೆಚ್ಚಾಗಿ ಹೆಸರು ಅದೇ. ಹಿಟ್ಟು, ಕಾಗದಪತ್ರ, ಹೊಸ ಪಾದ್ರಿ, ಪಾದ್ರಿಗೆ ಮದುವೆಯಾಗಲು ಹೆಣ್ಣು ಎಲ್ಲ ಅದರಲ್ಲೇ ಬರಬೇಕು. ಹೋಗುವಾಗ ಸೀಲ್ ಎಣ್ಣೆ, ಚರ್ಮ, ಮೀನು. ಮೊರಾವಿಯನ್ನರು ಇನುಯಿಟ್ ಜನರಿಗೆ ಕಹಳೆ, ತುತ್ತೂರಿ ಕಲಿಸಿದ್ದರು. ಹಡಗು ಕಂಡ ಕೂಡಲೇ ಕೋವಿ ಹಾರಿಸಿ, ವಾದ್ಯ ನುಡಿಸಿ ಬರಮಾಡಿಕೊಳ್ಳುವುದು. ಎಂಥ ಹಬ್ಬ ಇದ್ದಿರಬೇಕು! ವರ್ಷಕ್ಕೆ ಒಂದೇ ಒಂದು ಸಲ, ಎಂತ ಬಂತ್ ಅಂತ ಕೇಳುವ ದಿನ.

1918ರ ಅಕ್ಟೋಬರ್ ಕೊನೆಯಲ್ಲಿ ಹಾರ್ಮೊನಿ ಹೆಬ್ರನ್ ಊರಿಗೆ ಬಂತು. ಅಲ್ಲಿಂದ ನವೆಂಬರ್ ಮೊದಲ ವಾರ ಓಕಾಕ್‌ಗೆ. ಹೊರಟದ್ದು ಇದೇ ಸೇಂಟ್ ಜಾನ್ಸ್‌ನಿಂದ. ಊರಿನಲ್ಲಿ ಆಗ ಸ್ಪ್ಯಾನಿಶ್ ಜ್ವರ ಇತ್ತು. ಹಡಗಿನ ಜೊತೆ ಅದೂ ಹೋಯಿತು. ಜನ ಹಡಗಿಗೆ ಹತ್ತಿ ಸಾಮಾನು ಇಳಿಸಿದರು. ಹಡಗು ಹೋದ ಮೇಲೆ ಒಬ್ಬೊಬ್ಬರಾಗಿ ಮಲಗಿದರು.

ಓಕಾಕ್‌ನಲ್ಲಿ ಇದ್ದ 263 ಜನರಲ್ಲಿ 204 ಜನ ಸತ್ತರು. ದೊಡ್ಡ ಗಂಡಸು ಅಂತ ಒಬ್ಬನೂ ಉಳಿಯಲಿಲ್ಲ. ಹೆಬ್ರನ್ ಕಡೆಯಲ್ಲೂ ಹೀಗೆಯೇ. ಅಲ್ಲಿ ನೆಲ ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು, ಗುಂಡಿ ತೋಡುವವರು ಇರಲಿಲ್ಲ. ಮಂಜುಗಡ್ಡೆಯಲ್ಲಿ ತೂತು ಮಾಡಿ ಹೆಣಗಳನ್ನು ಕಡಲಿಗೆ ಬಿಟ್ಟರು. ಸ್ಲೆಡ್ಜ್ ಎಳೆಯುವ ನಾಯಿಗಳಿಗೆ ಊಟ ಹಾಕುವವರೂ ಸತ್ತಿದ್ದರು. ಅವು ಹಸಿದು ಮನೆಗಳ ಒಳಗೆ ನುಗ್ಗಿದವು. ಎಂಟು ವರ್ಷದ ಒಬ್ಬ ಹುಡುಗಿ ಐದು ವಾರ ಸತ್ತವರ ನಡುವೆ, ಆ ನಾಯಿಗಳ ನಡುವೆ ಒಬ್ಬಳೇ ಇದ್ದು ಬದುಕಿದಳು. ಇದನ್ನು ಓದಿದ ಮೇಲೆ ನನಗೆ ಆ ಕಂಚಿನ ಫಲಕ ಮತ್ತೆ ಮತ್ತೆ ಕಣ್ಣಿಗೆ ಬರುತ್ತಿತ್ತು. ಉಳಿದ ಹೆಂಗಸರು, ಮಕ್ಕಳು ಊರು ಬಿಟ್ಟರು. ಹೋಗುವ ಮೊದಲು ಮನೆಗಳನ್ನು ಸುಟ್ಟರು. ಓಕಾಕ್ ಅಲ್ಲಿಗೆ ಮುಗಿಯಿತು.

ಯಾರೂ ಬೇಕೆಂದು ಮಾಡಿದ್ದಲ್ಲ. ಅದೇ ವರ್ಷ ಜೂನ್ ಹೊತ್ತಿಗೆ ಬೊಂಬಾಯಿಗೂ ಆ ಜ್ವರ ಹಡಗಿನಲ್ಲೇ ಬಂದು, ನಮ್ಮ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಹೋದರು. ಆದರೆ ಬೊಂಬಾಯಿಗೆ ಬರುವ ಹಡಗುಗಳು ನೂರಾರು. ಯಾವುದು ಅಂತ ಬೆರಳು ತೋರಿಸಲು ಆಗದು. ಓಕಾಕ್‌ಗೆ ಬರುತ್ತಿದ್ದದ್ದು ಒಂದೇ. ಎಲ್ಲರೂ ವರ್ಷವಿಡೀ ಕಾಯುತ್ತಿದ್ದದ್ದು.

ಸ್ಟ್ರಾತ್‌ಕೋನಾ 1922ರಲ್ಲಿ ಮುಳುಗಿತು. ಗ್ರೆನ್‌ಫೆಲ್ 1940ರಲ್ಲಿ ತೀರಿಕೊಂಡರು. ಅವರ ಬೂದಿ ಸೇಂಟ್ ಆಂಟನಿಯ ಗುಡ್ಡದ ಮೇಲಿದೆ. ಎರಡು ಮಿಶನ್ನುಗಳ ಶಾಲೆಗಳು ಮಾತ್ರ ಬಹಳ ಕಾಲ ನಡೆದವು. ಮನೆಯಿಂದ ದೂರ ಇಟ್ಟು ಓದಿಸಿದ ಮಕ್ಕಳು ಭಾಷೆ ಕಳೆದುಕೊಂಡರು, ಹೊಡೆತ ತಿಂದರು. 2017ರ ನವೆಂಬರಿನಲ್ಲಿ ಪ್ರಧಾನಿ ಟ್ರೂಡೊ ಲ್ಯಾಬ್ರಡಾರಿಗೆ ಬಂದು ಅವರ ಕ್ಷಮೆ ಕೇಳಿದರು. ಓದಲು ಬಂದಿದ್ದ ಮಕ್ಕಳು ಆಗ ಮುದುಕರು.

ಕಳೆದ ವಾರ ಅಜ್ಜಿಗೆ ಫೋನ್ ಮಾಡಿದಾಗ ಇದೆಲ್ಲ ಹೇಳಿದೆ. ಡಾಕ್ಟರ ಹಡಗಿನ ಕಥೆಗೆ ಹೂಂ ಹೂಂ ಅನ್ನುತ್ತಿದ್ದರು. ನಾಯಿಯ ಕಥೆಗೆ ಪಾಪ ಅಂದರು. ಓಕಾಕ್ ಕಥೆ ಹೇಳುವಾಗ ಸದ್ದೇ ಇಲ್ಲ. ಲೈನ್ ಕಟ್ ಆಯಿತಾ ಅಂತ ನೋಡಿದೆ. ಇಲ್ಲ, ಇದ್ದರು.

"ಹೆಣೇ, ಮರುವರ್ಷ ಆ ಹಡಗ್ ಬಂತಾ?"

ಬಂತಜ್ಜಿ ಅಂದೆ. ಉಳಿದ ಊರುಗಳಿಗೆ ಬರುತ್ತಲೇ ಇತ್ತು. 1926ರವರೆಗೂ. ಅಷ್ಟೆಲ್ಲ ಆದ ಮೇಲೂ ಜನ ಹೇಗೆ ದಡಕ್ಕೆ ಹೋದರೋ ಅಂದೆ.

"ಹೋಯ್ದೆ ಎಂತ ಮಾಡುದ್? ಹಿಟ್ ಬೇಕಲ್ದಾ," ಅಂದರು ಅಜ್ಜಿ. ಹಿಂದಿನಿಂದ ಬೋಟಿನ ಸದ್ದು ಕೇಳಿಸಿತು. ಫೋನನ್ನು ಕಿವಿಯಿಂದ ತೆಗೆದು ಯಾರನ್ನೋ ಕೂಗಿ ಕೇಳಿದರು.